ದನಿಗೊಂದಿಷ್ಟು ಜಾಗ

ಯಾವ ಹಾಡಿನ ಹೆಸರಿನ ಮುಂದೆ ‘ಕರೋಕೆ’ ಅಂತ ಸೇರಿಸಿ ಹುಡುಕಿದರೂ ಇವತ್ತು ಯೂಟ್ಯೂಬಿನಲ್ಲಿ ಟ್ರ್ಯಾಕ್ ಸಿಗುತ್ತದೆ. ಕೈಯಲ್ಲಿ ಫೋನಿದೆ, ಕಿವಿಗೆ ಇಯರ್‌ಫೋನಿದೆ, ಒಂದೆರಡು ಸಾವಿರ ಖರ್ಚು ಮಾಡಿದರೆ ಯುಎಸ್‌ಬಿ ಮೈಕೂ ಮನೆಬಾಗಿಲಿಗೆ ಬರುತ್ತದೆ. ಹಾಗಾಗಿ ನಮ್ಮ ಆಫೀಸುಗಳ ಪ್ರತಿ ಟೀಮಿನಲ್ಲೂ ಈಗ ಒಬ್ಬಿಬ್ಬರು ಗಾಯಕರು ಇದ್ದೇ ಇರುತ್ತಾರೆ. ರೆಕಾರ್ಡ್ ಮಾಡುವವರೆಗೆ ಎಲ್ಲ ಸರಿ. ಪ್ಲೇ ಮಾಡಿ ಕೇಳಿದಾಗ ಗೋಳು ಶುರು. ನಮ್ಮ ದನಿ ತಬಲಾ, ಗಿಟಾರು, ಕೀಬೋರ್ಡುಗಳ ಹಿಂದೆಲ್ಲೋ ಹೂತುಹೋಗಿರುತ್ತದೆ. ವಾಲ್ಯೂಮ್ ಏರಿಸಿದರೆ ಗೋಡೆಗೆ ಪೋಸ್ಟರ್ ಅಂಟಿಸಿದ ಹಾಗೆ ಟ್ರ್ಯಾಕಿನ ಮೇಲೆ ಬೇರೆಯಾಗಿ ಅಂಟಿಕೊಂಡು ನಿಲ್ಲುತ್ತದೆ. ಮುಳುಗುತ್ತದೆ ಇಲ್ಲವೇ ತೇಲುತ್ತದೆ, ಬೆರೆಯೋದು ಮಾತ್ರ ಇಲ್ಲ.

ತಪ್ಪು ಮೈಕಿನದ್ದು ಅಥವಾ ನಮ್ಮ ಗಂಟಲಿನದ್ದು ಅಂತ ತೀರ್ಮಾನ ಮಾಡಿ ಕೈಬಿಡುವವರೇ ಜಾಸ್ತಿ. ಆದರೆ ಈ ಸಮಸ್ಯೆಗೆ ನೂರಿಪ್ಪತ್ತು ವರ್ಷ ದಾಟಿದೆ ಸ್ವಾಮಿ. ಹಾಡನ್ನು ಯಂತ್ರದಲ್ಲಿ ಹಿಡಿದಿಡೋಕೆ ಶುರು ಮಾಡಿದ ಕಾಲದಿಂದಲೂ ಎಂಜಿನಿಯರುಗಳು ತಲೆಕೆಡಿಸಿಕೊಂಡಿದ್ದು ಇದಕ್ಕೇ. ಪಕ್ಕವಾದ್ಯಗಳ ನಡುವೆ ದನಿ ಎದ್ದು ಕೇಳಬೇಕು, ಹಾಗಂತ ಬೇರೆಯಾಗಿ ನಿಲ್ಲಬಾರದು. ಒಂದೊಂದು ಕಾಲದವರು ಒಂದೊಂದು ಉಪಾಯ ಕಂಡುಕೊಂಡರು. ನಾವು ಲ್ಯಾಪ್‌ಟಾಪಿನಲ್ಲಿ ಕ್ಲಿಕ್ ಮಾಡುವ ಬಟನ್ನುಗಳ ಹಿಂದೆ ಇರೋದು ಆ ಉಪಾಯಗಳೇ. ಆ ಕಥೆ ಗೊತ್ತಾದರೆ ಯಾವ ಬಟನ್ ಯಾಕಿದೆ ಅನ್ನೋದು ತಿಳಿಯುತ್ತೆ. ಜೊತೆಗೆ ಯಾರ ದನಿ ಉಳಿಯಿತು, ಯಾರದು ಉಳಿಯಲಿಲ್ಲ ಅನ್ನೋದೂ ತಿಳಿಯುತ್ತೆ.

ಕೊಳವೆಯ ಮುಂದೆ

1902ರ ನವೆಂಬರ್, ಕಲ್ಕತ್ತಾ. ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ತನ್ನ ಯಂತ್ರಗಳನ್ನು ಹೊತ್ತು ಭಾರತಕ್ಕೆ ಬಂದಿದ್ದ. ಅವನ ಮುಂದೆ ಕೂತು ಹಾಡಿದವರಲ್ಲಿ ಗೌಹರ್ ಜಾನ್ ಒಬ್ಬಳು. ಆಗ ಮೈಕಿಲ್ಲ, ಆಂಪ್ಲಿಫೈಯರ್ ಇಲ್ಲ, ವಾಲ್ಯೂಮಿನ ತಿರುಗಣೆಯಂತೂ ಇಲ್ಲವೇ ಇಲ್ಲ. ರೆಕಾರ್ಡಿಂಗಿಗೆ ಕರೆಂಟೇ ಬೇಕಿರಲಿಲ್ಲ. ಎದುರಿಗೆ ಒಂದು ದೊಡ್ಡ ಕೊಳವೆ, ಅದರ ಸಣ್ಣ ತುದಿಯಲ್ಲಿ ಒಂದು ತೆಳು ಪೊರೆ, ಪೊರೆಗೆ ಅಂಟಿದ ಮುಳ್ಳು, ಮುಳ್ಳಿನ ಕೆಳಗೆ ತಿರುಗುವ ಮೇಣದ ತಟ್ಟೆ. ಹಾಡುವವರ ಉಸಿರಿನ ಬಲವೇ ಮೇಣವನ್ನು ಕೊರೆಯಬೇಕು. ಅಂದರೆ ದನಿ ಅನ್ನೋದು ಅಕ್ಷರಶಃ ಕೂಲಿ ಕೆಲಸ ಮಾಡುತ್ತಿತ್ತು.

ಆ ಕಾಲದಲ್ಲಿ ಮಿಕ್ಸಿಂಗ್ ಹೇಗೆ? ದೂರ ಮತ್ತು ಹತ್ತಿರ, ಅಷ್ಟೇ. ಹಾಡುವವರು ಕೊಳವೆಯ ಬಾಯಿಗೇ ಮುಖ ಕೊಡಬೇಕು, ವಾದ್ಯದವರು ಹಿಂದೆ. ತಾರಸ್ಥಾಯಿ ಬಂದಾಗ ಮುಖ ಹಿಂದಕ್ಕೆಳೆದುಕೊಳ್ಳಬೇಕು, ಮಂದ್ರಕ್ಕೆ ಇಳಿದಾಗ ಮತ್ತೆ ಮುಂದೆ ಬಾಗಬೇಕು. ದೊಡ್ಡ ಡ್ರಮ್ ಬಾರಿಸಿದರೆ ಮುಳ್ಳು ಎಗರಿಬಿಡುವ ಭಯ, ಅದಕ್ಕೇ ಅದನ್ನು ಆದಷ್ಟು ದೂರವಿಟ್ಟರು. ಮಾಮೂಲಿ ಪಿಟೀಲಿನ ಸದ್ದು ಮೇಣದವರೆಗೆ ಮುಟ್ಟುತ್ತಲೇ ಇರಲಿಲ್ಲ. ಆದ್ದರಿಂದ ಸ್ಟ್ರೋ ಎಂಬಾತ ಪಿಟೀಲಿನ ಮರದ ಹೊಟ್ಟೆಯನ್ನೇ ತೆಗೆದು ಲೋಹದ ತುತ್ತೂರಿ ಸಿಕ್ಕಿಸಿದ. ಹಳೇ ರೆಕಾರ್ಡಿಂಗ್ ಕೋಣೆಗಳ ಫೋಟೋಗಳಲ್ಲಿ ಆ ತುತ್ತೂರಿ ಪಿಟೀಲು ಕಾಣುತ್ತದೆ, ನೋಡೋಕೆ ತಮಾಷೆ ಅನಿಸುತ್ತದೆ. ಆದರೆ ವಿಚಾರ ಗಂಭೀರ. ದನಿ ಕೇಳಬೇಕು ಅಂದರೆ ಯಾರು ಎಲ್ಲಿ ನಿಲ್ಲಬೇಕು ಅನ್ನೋದನ್ನು ಮೊದಲೇ ತೀರ್ಮಾನಿಸಬೇಕು ಅಂತ ಜನಕ್ಕೆ ಆಗಲೇ ಗೊತ್ತಿತ್ತು.

ಕೊಳವೆಗೆ ಎಲ್ಲ ದನಿಯೂ ಒಗ್ಗುತ್ತಿರಲಿಲ್ಲ. ತೀರ ಕೆಳಗಿನದ್ದೂ ತೀರ ಮೇಲಿನದ್ದೂ ಅದರಲ್ಲಿ ದಾಖಲಾಗುತ್ತಿರಲಿಲ್ಲ, ನಡುವಿನ ಒಂದು ಪಟ್ಟಿ ಮಾತ್ರ ಮೇಣಕ್ಕೆ ಇಳಿಯುತ್ತಿತ್ತು. ಅದೇ ವರ್ಷದ ಏಪ್ರಿಲಿನಲ್ಲಿ ಇಟಲಿಯ ಮಿಲಾನಿನಲ್ಲಿ ಇದೇ ಗೈಸ್‌ಬರ್ಗ್ ಎನ್ರಿಕೊ ಕರೂಸೋನ ಹಾಡುಗಳನ್ನು ಹಿಡಿದಿದ್ದ. ಕರೂಸೋನ ಕಂಚಿನ ಕಂಠ ಆ ಪಟ್ಟಿಗೆ ಹೇಳಿ ಮಾಡಿಸಿದಂತಿತ್ತು, ಅವನು ಗ್ರಾಮೊಫೋನಿನ ಮೊದಲ ಮಹಾತಾರೆಗಳಲ್ಲಿ ಒಬ್ಬನಾದ. ಗೌಹರ್ ಜಾನಳದ್ದೂ ಹಾಗೇ. ಸುಮಾರು ಮೂರು ನಿಮಿಷದ ತಟ್ಟೆಯಲ್ಲಿ ರಾಗ, ತಾನ ಎಲ್ಲ ಅಡಕ ಮಾಡಿ, ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ತಟ್ಟೆಗಳು ಅಚ್ಚಾಗಬೇಕಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿನವರಿಗೆ ಇದು ಯಾರ ಹಾಡು ಅಂತ ತಿಳಿಯಬೇಕಲ್ಲ!

ಈ ಗೌಹರ್ ಜಾನ್ ಕೊನೆಗಾಲ ಕಳೆದದ್ದು ನಮ್ಮ ಮೈಸೂರಿನಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದಳು, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡಳು. ಅಷ್ಟರಲ್ಲಿ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಕೊಳವೆಯನ್ನು ಅಟ್ಟಕ್ಕೆ ಎಸೆದಾಗಿತ್ತು.

ಪಿಸುಮಾತಿಗೆ ಬೆಲೆ ಬಂತು

ಬೆಲ್ ಸಂಸ್ಥೆಯ ಬಳಗದಲ್ಲಿ ವೆಂಟೆ ಎಂಬ ಎಂಜಿನಿಯರ್ 1916ರಲ್ಲೇ ಕಂಡೆನ್ಸರ್ ಮೈಕ್ ಮಾಡಿದ್ದ. ಅದು ಹಾಡಿನ ಕೋಣೆಗೆ ಬರೋಕೆ 1925 ಆಯಿತು. ಆ ವರ್ಷ ಅಮೆರಿಕದ ವಿಕ್ಟರ್ ಮತ್ತು ಕೊಲಂಬಿಯಾ ಕಂಪನಿಗಳು ವೆಸ್ಟರ್ನ್ ಎಲೆಕ್ಟ್ರಿಕ್‌ನ ವಿದ್ಯುತ್ ರೆಕಾರ್ಡಿಂಗ್ ಪದ್ಧತಿಗೆ ಬದಲಾದವು. ಈಗ ಮೇಣ ಕೊರೆಯುವ ಕೂಲಿ ಕೆಲಸ ಕರೆಂಟಿನ ಪಾಲಾಯಿತು. ಹಾಡುವವರು ಕೂಗಬೇಕಿಲ್ಲ, ಮೈಕಿನ ಹತ್ತಿರ ಬಂದು ಮಾತಾಡಿದ ಹಾಗೆ ಹಾಡಿದರೆ ಸಾಕು.

ಇದರಿಂದ ಆದ ಬದಲಾವಣೆ ಸಣ್ಣದಲ್ಲ. ಅದುವರೆಗೆ ಹಾಡುಗಾರಿಕೆ ಅಂದರೆ ಎದೆಯ ಬಲ. ಒಪೆರಾದವರು ದೊಡ್ಡ ಹಾಲ್ ತುಂಬುವಂತೆ ಹಾಡಬೇಕಿತ್ತು. ನಮ್ಮಲ್ಲಿ ಕಂಪನಿ ನಾಟಕದವರು ಟೆಂಟಿನ ಕೊನೇ ಸಾಲಿನ ನೆಲದ ಮೇಲೆ ಕೂತವನಿಗೂ ಕೇಳುವಂತೆ ಏರು ಶ್ರುತಿಯಲ್ಲಿ ಹಾಡಬೇಕಿತ್ತು. ಮೈಕ್ ಬಂದ ಮೇಲೆ ಬಿಂಗ್ ಕ್ರಾಸ್ಬಿಯಂಥವರು ಕಿವಿಯಲ್ಲಿ ಗುಟ್ಟು ಹೇಳಿದ ಹಾಗೆ ಹಾಡಿದರು, ಅವರ ಹಿಂದೆ ಇಡೀ ಬ್ಯಾಂಡೇ ನುಡಿಯುತ್ತಿದ್ದರೂ ದನಿಯೇ ಮುಂದೆ ಕೇಳುತ್ತಿತ್ತು. ಈ ಮೆಲುದನಿಯ ಶೈಲಿಗೆ ‘ಕ್ರೂನಿಂಗ್’ ಅಂತ ಹೆಸರು ಬಿತ್ತು. 1932ರಲ್ಲಿ ಬಾಸ್ಟನ್ನಿನ ಕಾರ್ಡಿನಲ್ ಒಕಾನೆಲ್ ಇದು ಗಂಡಸರಿಗೆ ತಕ್ಕದ್ದಲ್ಲ, ಕೀಳು ಅಭಿರುಚಿ ಅಂತ ಬಹಿರಂಗವಾಗಿ ಖಂಡಿಸಿದರು. ಮೆತ್ತಗಿನ ದನಿ ಮುಂದೆ ಬಂದರೆ ಯಾರಿಗೋ ಕಿರಿಕಿರಿ ಆಗೋದು ಇವತ್ತಿನ ಮಾತೇನೂ ಅಲ್ಲ.

ನಮ್ಮ ಸಿನಿಮಾದಲ್ಲೂ ಇದೇ ಕಥೆ ಇನ್ನೊಂದು ರೂಪದಲ್ಲಿ ನಡೆಯಿತು. 1931ರ ‘ಆಲಂ ಆರಾ’ದ ಕಾಲದಲ್ಲಿ ನಟ ನಟಿಯರು ಕ್ಯಾಮೆರಾದ ಎದುರೇ ಹಾಡಬೇಕು, ವಾದ್ಯದವರು ಕ್ಯಾಮೆರಾಕ್ಕೆ ಕಾಣದ ಹಾಗೆ ಎಲ್ಲೋ ಅಡಗಿ ಕೂತು ನುಡಿಸಬೇಕು. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನವರು ಹಿನ್ನೆಲೆ ಗಾಯನ ತಂದ ಮೇಲೆ ದನಿಗೂ ಮುಖಕ್ಕೂ ಇದ್ದ ಗಂಟು ಬಿಚ್ಚಿಕೊಂಡಿತು. ಆದರೂ ಮಲ್ಟಿಟ್ರ್ಯಾಕ್ ಬರುವವರೆಗೆ ಹಾಡುವವರು, ನುಡಿಸುವವರು ಒಂದೇ ಕೋಣೆಯಲ್ಲಿ, ಒಂದೇ ಟೇಕಿನಲ್ಲಿ ಮುಗಿಸಬೇಕಿತ್ತು. ಮಿಕ್ಸಿಂಗ್ ಮತ್ತೆ ಕಾಲಿನಿಂದಲೇ. 1949ರ ‘ಮಹಲ್’ ಚಿತ್ರದ ‘ಆಯೇಗಾ ಆನೇವಾಲಾ’ ಹಾಡಿಗೆ ದನಿ ದೂರದಿಂದ ಹತ್ತಿರ ಬಂದ ಹಾಗೆ ಕೇಳಬೇಕಿತ್ತು. ಕೋಣೆಯ ಒಂದು ಮೂಲೆಯಿಂದ ಹಾಡುತ್ತಾ ನಡೆದು ಮೈಕಿನ ಬಳಿ ಬಂದೆ ಅಂತ ಲತಾ ಮಂಗೇಶ್ಕರ್ ತಾವೇ ನೆನಪಿಸಿಕೊಂಡಿದ್ದಾರೆ. ಈಗ ನಾವು ಮೌಸಿನಲ್ಲಿ ಎಳೆಯುವ ಗೆರೆಯನ್ನು ಅವರು ನಡೆದು ಎಳೆದರು.

ಕನ್ನಡದ್ದೇ ಒಂದು ಉದಾಹರಣೆ ಬೇಕೆಂದರೆ ಪಿ.ಬಿ. ಶ್ರೀನಿವಾಸ್ ಅವರನ್ನು ಕೇಳಿ. ನಾಟಕ ಕಂಪನಿಯಲ್ಲಿ ಪಳಗಿ ಬಂದ ರಾಜ್‌ಕುಮಾರ್ ಅವರಿಗೆ ಎಷ್ಟೋ ವರ್ಷ ಹಾಡಿನ ದನಿಯಾಗಿ ನಿಂತದ್ದು ಒಂದು ಚೂರೂ ಕೂಗದ ಆ ಮೆದು ಕಂಠ. ಟೆಂಟಿನ ನಾಟಕದಲ್ಲಿ ಆ ಕಂಠ ಮೂರನೇ ಸಾಲು ದಾಟುತ್ತಿತ್ತೋ ಇಲ್ಲವೋ, ಮೈಕಿನ ಮುಂದೆ ಇಡೀ ನಾಡಿಗೆ ಕೇಳಿಸಿತು.

ಮೂರು ಸಾವಿರದ ಗುಟ್ಟು

ಹಾಗಾದರೆ ಮೈಕಿಲ್ಲದ ಒಪೆರಾ ಗಾಯಕ ನೂರು ವಾದ್ಯಗಳ ಎದುರು ಹೇಗೆ ಗೆಲ್ಲುತ್ತಿದ್ದ? ಈ ಪ್ರಶ್ನೆಗೆ ಒಳ್ಳೇ ಉತ್ತರ ಕೊಟ್ಟವನು ಸ್ವೀಡನ್ನಿನ ಯೋಹಾನ್ ಸುಂಡ್‌ಬರ್ಗ್. 1977ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಅವನು ಲೆಕ್ಕ ತೋರಿಸಿದ. ಆರ್ಕೆಸ್ಟ್ರಾದ ಸದ್ದಿನ ಬಲವೆಲ್ಲ ಸುಮಾರು 500 ಹರ್ಟ್ಸ್ ಆಸುಪಾಸಿನಲ್ಲಿದೆ, ಅಲ್ಲಿಂದ ಮೇಲಕ್ಕೆ ಹೋದಂತೆ ಇಳಿಯುತ್ತಾ ಹೋಗುತ್ತದೆ. ಪಳಗಿದ ಗಾಯಕ ಗಂಟಲನ್ನು ಹದ ಮಾಡಿಕೊಂಡು 2,500ರಿಂದ 3,000 ಹರ್ಟ್ಸ್ ನಡುವೆ ಒಂದು ಹೆಚ್ಚಿನ ಹೊಳಪು ತರುತ್ತಾನೆ. ಆರ್ಕೆಸ್ಟ್ರಾ ಸುಸ್ತಾಗುವ ಜಾಗದಲ್ಲಿ ಇವನು ಎದ್ದು ನಿಲ್ಲುತ್ತಾನೆ. ಒಟ್ಟು ಬಲದಲ್ಲಿ ವಾದ್ಯಗಳೇ ಜೋರು, ಆದರೂ ದನಿ ಕೇಳುತ್ತದೆ.

ಇದಕ್ಕೆ ನಮ್ಮ ಕಿವಿಯ ಸಹಕಾರವೂ ಇದೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ ಕಿವಿ ಎಲ್ಲ ಸ್ವರಗಳನ್ನೂ ಒಂದೇ ಸಮನಾಗಿ ಕೇಳೋದಿಲ್ಲ. ಮೂರು ನಾಲ್ಕು ಸಾವಿರ ಹರ್ಟ್ಸ್‌ನ ಸುತ್ತ ಅದು ತುಂಬಾ ಚುರುಕು, ತೀರ ಕೆಳಗಿನ ಸದ್ದಿಗೆ ಸೋಮಾರಿ. ಮಗುವಿನ ಅಳು ಪಕ್ಕದ ಮನೆಯಿಂದಲೂ ಎಬ್ಬಿಸಿ ಕೂರಿಸುವುದು ಸುಮ್ಮನೆ ಅಲ್ಲ.

ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಪಾಠ ಮಾಡಬೇಕಾಗೇ ಇಲ್ಲ. ಜಾತ್ರೆಗೋ ಮದುವೆಗೋ ಮೈಕ್‌ಸೆಟ್ಟಿನವನು ಬಂದು ತೆಂಗಿನ ಮರಕ್ಕೆ ಎರಡು ಹಾರನ್ ಕಟ್ಟಿ ಹಾಡು ಹಾಕಿದರೆ ಮೈಲಿ ದೂರದ ಗದ್ದೆಯಲ್ಲಿ ಕಳೆ ಕೀಳುವವರಿಗೂ ಸಾಹಿತ್ಯ ಬಿಡಿಬಿಡಿಯಾಗಿ ಕೇಳುತ್ತಿತ್ತು. ಡೋಲು, ಬೇಸು ಏನೂ ಕೇಳುತ್ತಿರಲಿಲ್ಲ, ಮಾತು ಮಾತ್ರ ಸ್ಪಷ್ಟ. ಆ ಕೊಂಬಿನಾಕಾರದ ಹಾರನ್ನಿಗೆ ಕೆಳಗಿನ ಸ್ವರ ಹೊರಡಿಸುವ ತಾಕತ್ತೇ ಇಲ್ಲ, ನಡುವಿನ ಪಟ್ಟಿಯನ್ನಷ್ಟೇ ಬಿಸಾಡುತ್ತದೆ. ಮನುಷ್ಯರ ಮಾತಿನ ವ್ಯಂಜನಗಳು, ಅಂದರೆ ತ, ಕ, ಸ, ಚಗಳ ಗುರುತು, ಬಹುಪಾಲು ಮೇಲಿನ ಕಡೆಯೇ ಇರುವುದು. ಮನೆಯ ದೊಡ್ಡ ಸ್ಪೀಕರಿನಲ್ಲಿ ಚೆಂದ ಕೇಳುವ ಹಾಡು ಗದ್ದೆಗೆ ಹೋಗುವುದಿಲ್ಲ, ಹಾರನ್ನಿನಲ್ಲಿ ಕಿರುಚುವ ಹಾಡು ಹೋಗುತ್ತದೆ. ಎದ್ದು ಕೇಳುವುದಕ್ಕೂ ಚೆಂದ ಕೇಳುವುದಕ್ಕೂ ನಡುವಿನ ಜಗಳ ಅಲ್ಲೇ ಶುರು.

ಬಚ್ಚಲುಮನೆ ಮತ್ತು ಬಲ್ಬು

ಎದ್ದು ಕೇಳಿದರೆ ಸಾಲದು, ದನಿ ಒಂದು ಜಾಗದಲ್ಲಿ ಇದೆ ಅನ್ನಿಸಬೇಕು. ಮೈಕಿಗೆ ಹತ್ತಿರ ಹಾಡಿದ ದನಿಗೆ ಕೋಣೆಯ ಗಾಳಿಯೇ ಇರುವುದಿಲ್ಲ, ಅದಕ್ಕೇ ಅದು ಪೋಸ್ಟರಿನ ಹಾಗೆ ಅಂಟಿಕೊಳ್ಳುವುದು. ಶಿಕಾಗೋದ ಬಿಲ್ ಪುಟ್ನಮ್ 1947ರಲ್ಲಿ ಇದಕ್ಕೆ ಮಾಡಿದ ಉಪಾಯ ನಮಗೆಲ್ಲ ಅರ್ಥವಾಗುವಂಥದ್ದು. ಹಾರ್ಮೋನಿಕಾ ವಾದಕರ ಒಂದು ತಂಡದ ರೆಕಾರ್ಡಿಂಗಿನಲ್ಲಿ ಅವನು ಸ್ಟುಡಿಯೋದ ಬಚ್ಚಲುಮನೆಯೊಳಗೆ ಒಂದು ಸ್ಪೀಕರ್, ಒಂದು ಮೈಕ್ ಇಟ್ಟ. ಸದ್ದನ್ನು ಸ್ಪೀಕರಿನಿಂದ ಒಳಗೆ ಬಿಟ್ಟು, ಟೈಲ್ಸಿಗೆ ಬಡಿದು ವಾಪಸ್ ಬಂದದ್ದನ್ನು ಮೈಕಿನಲ್ಲಿ ಹಿಡಿದು ಮೂಲಕ್ಕೆ ಬೆರೆಸಿದ. ಬಚ್ಚಲಿನಲ್ಲಿ ನಮ್ಮೆಲ್ಲರ ಹಾಡೂ ಯಾಕೆ ಚೆಂದ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹತ್ತು ವರ್ಷದಲ್ಲಿ, 1957ಕ್ಕೆ, ಜರ್ಮನಿಯ ಇಎಂಟಿ ಕಂಪನಿ ದೊಡ್ಡ ಉಕ್ಕಿನ ತಗಡನ್ನು ನೇತುಹಾಕಿ ಅದೇ ಕೆಲಸ ಮಾಡಿಸಿತು. ಆ ಯಂತ್ರದ ತೂಕ ಸುಮಾರು 270 ಕಿಲೋ. ಈಗ ‘ಪ್ಲೇಟ್ ರಿವರ್ಬ್’ ಅಂತ ನಿಮ್ಮ ಸಾಫ್ಟ್‌ವೇರಿನಲ್ಲಿ ಇರೋದು ಅದರ ನೆರಳು.

ಆದರೆ ಪ್ರತಿಧ್ವನಿ ಜಾಸ್ತಿಯಾದರೆ ಮಾತು ಕಲಸಿಹೋಗುತ್ತದೆ. ಲಂಡನ್ನಿನ ಆಬಿ ರೋಡ್ ಸ್ಟುಡಿಯೋದವರು ದನಿಯನ್ನು ಪ್ರತಿಧ್ವನಿಯ ಕೋಣೆಗೆ ಕಳಿಸುವ ಮೊದಲು ಒಂದು ಟೇಪ್ ಯಂತ್ರದ ಮೂಲಕ ಹಾಯಿಸಿ, ಕ್ಷಣದ ಒಂದು ಚೂರು ತಡ ಮಾಡಿಸುತ್ತಿದ್ದರು. ಮೊದಲು ಮಾತು ಕಿವಿಗೆ ಬೀಳುತ್ತದೆ, ಆಮೇಲೆ ಕೋಣೆ ಬರುತ್ತದೆ. ಹಾಗಾಗಿ ದನಿ ಮುಂದೆಯೂ ಇರುತ್ತದೆ, ಜಾಗದಲ್ಲೂ ಇರುತ್ತದೆ. ಇದೇ ಸ್ಟುಡಿಯೋದಲ್ಲಿ 1966ರಲ್ಲಿ ಕೆನ್ ಟೌನ್ಸೆಂಡ್ ಇನ್ನೊಂದು ಕರಾಮತ್ತು ಮಾಡಿದ. ದನಿ ದಪ್ಪ ಕೇಳಲಿ ಅಂತ ಒಂದೇ ಹಾಡನ್ನು ಎರಡೆರಡು ಸಲ ಹಾಡೋಕೆ ಜಾನ್ ಲೆನನ್‌ಗೆ ಬೇಜಾರು. ಟೌನ್ಸೆಂಡ್ ಎರಡನೇ ಟೇಪ್ ಯಂತ್ರ ಜೋಡಿಸಿ, ಸ್ವಲ್ಪ ಹಿಂದೆ ಮುಂದೆ ಮಾಡಿ, ಯಂತ್ರದಿಂದಲೇ ಎರಡನೇ ದನಿ ಹುಟ್ಟಿಸಿದ. ಸೋಮಾರಿತನ ಆವಿಷ್ಕಾರದ ತಾಯಿ ಅಂತ ಸಾಫ್ಟ್‌ವೇರಿನವರಿಗೆ ಬೇರೆ ಹೇಳಬೇಕೆ?

ಇನ್ನೊಂದು ಸಮಸ್ಯೆ ಏರಿಳಿತದ್ದು. ಪಲ್ಲವಿಯಲ್ಲಿ ಪಿಸುಗುಟ್ಟುವ ದನಿ ಚರಣದಲ್ಲಿ ಜೋರಾಗುತ್ತದೆ, ಸಾಲಿನ ಕೊನೆಯಲ್ಲಿ ಉಸಿರು ಮುಗಿದು ಅಕ್ಷರ ನುಂಗಿಹೋಗುತ್ತದೆ. ಆ ನುಂಗಿದ ಅಕ್ಷರಗಳನ್ನೇ ಟ್ರ್ಯಾಕ್ ಮೊದಲು ಮುಳುಗಿಸೋದು. ಹಿಂದೆ ರೇಡಿಯೋ ಎಂಜಿನಿಯರುಗಳು ತಿರುಗಣೆಯ ಮೇಲೆ ಕೈಯಿಟ್ಟುಕೊಂಡೇ ಕೂತಿರುತ್ತಿದ್ದರು. ಕ್ಯಾಲಿಫೋರ್ನಿಯಾದ ಜಿಮ್ ಲಾರೆನ್ಸ್ ಆ ಕೈಯ ಕೆಲಸವನ್ನು ಒಂದು ಬೆಳಕಿಗೆ ವಹಿಸಿದ. ದನಿ ಜೋರಾದಷ್ಟೂ ಪೆಟ್ಟಿಗೆಯೊಳಗಿನ ಒಂದು ಫಲಕ ಹೆಚ್ಚು ಬೆಳಗುತ್ತದೆ, ಬೆಳಕು ಬಿದ್ದಷ್ಟೂ ಎದುರಿನ ಸೆಲ್ ಸದ್ದನ್ನು ತಗ್ಗಿಸುತ್ತದೆ. ಅದೇ 1960ರ ದಶಕದ ‘ಎಲ್‌ಎ-2ಎ’ ಕಂಪ್ರೆಸರ್. ಬಚ್ಚಲುಮನೆಯ ಪುಟ್ನಮ್ಮನೇ ಆಮೇಲೆ ಟ್ರಾನ್ಸಿಸ್ಟರ್ ಬಳಸಿ ಇನ್ನೂ ಚುರುಕಾದ ‘1176’ ಮಾಡಿದ. ಜಗತ್ತಿನ ಎಷ್ಟು ಹಾಡುಗಳ ದನಿ ಈ ಎರಡು ಪೆಟ್ಟಿಗೆಗಳನ್ನು ಹಾದು ಬಂದಿದೆ ಅಂತ ಲೆಕ್ಕ ಇಟ್ಟವರಿಲ್ಲ. ಈ ಪೆಟ್ಟಿಗೆಗಳ ಕೆಲಸ ಜೋರು ಮಾಡೋದಲ್ಲ, ಜೋರನ್ನು ತಗ್ಗಿಸಿ ಮೆಲ್ಲಗಿನ ಅಕ್ಷರಕ್ಕೂ ಸಮಪಾಲು ಕೊಡಿಸೋದು.

ಸ್ಟುಡಿಯೋ ಮನೆಗೆ ಬಂದದ್ದು

ಇಷ್ಟೆಲ್ಲ ಉಪಕರಣ ಬಂದ ಮೇಲೆ ಒಂದು ವಿಚಿತ್ರ ಆಯಿತು. ಮೈಕು ಮೆಲುದನಿಯವರಿಗೆ ಬಾಗಿಲು ತೆರೆದಿತ್ತು, ಸ್ಟುಡಿಯೋದ ಬಾಡಿಗೆ ಅದನ್ನು ಮತ್ತೆ ಮುಚ್ಚಿತು. ಕಂಠ ಇದ್ದರೆ ಸಾಲದು, ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಡುವ ಕಂಪನಿಯೂ ಬೆನ್ನಿಗೆ ಬೇಕು. ಕನ್ನಡ ಸಿನಿಮಾದವರು ಹಾಡಿಗೋಸ್ಕರ ವರ್ಷಗಟ್ಟಲೆ ಮದರಾಸಿನ ರೈಲು ಹತ್ತುತ್ತಿದ್ದರು.

ಬಾಗಿಲನ್ನು ಮತ್ತೆ ತೆರೆದವರಲ್ಲಿ ಮೊದಲಿಗರು ಲೆಸ್ ಪಾಲ್ ಮತ್ತು ಮೇರಿ ಫೋರ್ಡ್ ದಂಪತಿ. ಅದಕ್ಕೆ ಕಾರಣನಾದವನು ಮತ್ತೆ ಬಿಂಗ್ ಕ್ರಾಸ್ಬಿ. ರೇಡಿಯೋದಲ್ಲಿ ಲೈವ್ ಹಾಡಿ ಬೇಸತ್ತಿದ್ದ ಅವನು ಟೇಪ್ ಯಂತ್ರ ಮಾಡುತ್ತಿದ್ದ ಆಂಪೆಕ್ಸ್ ಎಂಬ ಪುಟ್ಟ ಕಂಪನಿಗೆ 50,000 ಡಾಲರ್ ಹಾಕಿದ್ದ, ಒಂದು ಯಂತ್ರವನ್ನು ಗೆಳೆಯ ಲೆಸ್ ಪಾಲ್‌ಗೆ ಕೊಟ್ಟ. ಲೆಸ್ ಅದಕ್ಕೆ ಇನ್ನೊಂದು ಹೆಡ್ ಸೇರಿಸಿ, ಮೊದಲು ಹಾಡಿದ್ದರ ಮೇಲೆ ಮತ್ತೆ ಹಾಡಿ ಪದರ ಪದರವಾಗಿ ಕಟ್ಟುವ ವಿಧಾನ ಮಾಡಿಕೊಂಡ. 1951ರಲ್ಲಿ ಅಮೆರಿಕದಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿದ್ದ ‘ಹೌ ಹೈ ದ ಮೂನ್’ ಹೀಗೆ ಮನೆಯಲ್ಲಿ ತಯಾರಾದ ಹಾಡು.

ಇಲ್ಲಿ ನಮಗೆ ಎರಡು ಪಾಠ ಇದೆ. ಪ್ರತಿ ಪದರ ಸೇರಿಸಿದಾಗಲೂ ಹಳೇ ಪದರಗಳ ಗುಣಮಟ್ಟ ಸ್ವಲ್ಪ ಸವೆಯುತ್ತಿತ್ತು. ಹಾಗಾಗಿ ಲೆಸ್ ಪಾಲ್ ಮುಖ್ಯವಲ್ಲದ ಭಾಗಗಳನ್ನು ಮೊದಲು ರೆಕಾರ್ಡ್ ಮಾಡಿ, ಮುಖ್ಯವಾದದ್ದನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದ. ಎರಡನೆಯದು, ಮೇರಿಯನ್ನು ಮೈಕಿಗೆ ಗೇಣು ದೂರವೂ ಇಲ್ಲದಷ್ಟು ಹತ್ತಿರ ನಿಲ್ಲಿಸುತ್ತಿದ್ದ. ಹತ್ತಿರ ಹಾಡಿದರೆ ಮನೆಯ ಗೋಡೆಗಳು ಮೈಕಿಗೆ ಕೇಳುವುದು ಕಮ್ಮಿ. ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಇವತ್ತಿಗೂ ಇದಕ್ಕಿಂತ ದೊಡ್ಡ ಉಪಾಯ ಇಲ್ಲ.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. 1970ರ ದಶಕದಲ್ಲಿ ಕ್ಯಾಸೆಟ್ ಹಬ್ಬಿತು. ನಿಸಾರ್ ಅಹಮದ್ ಕವಿತೆಗಳನ್ನು ಮೈಸೂರು ಅನಂತಸ್ವಾಮಿ ಹಾಡಾಗಿಸಿದ ‘ನಿತ್ಯೋತ್ಸವ’ 1978ರಲ್ಲಿ ಬಂದು ಭಾವಗೀತೆಯನ್ನು ಮನೆಮನೆಗೆ ಒಯ್ದಿತು. ಭಾವಗೀತೆಯಲ್ಲಿ ಕವಿಯ ಮಾತೇ ಮುಖ್ಯ, ವಾದ್ಯ ಒಂದು ಹೆಜ್ಜೆ ಹಿಂದೆ. ಒಂದು ಪದ ಕೇಳದಿದ್ದರೂ ಕವಿತೆ ಕೆಟ್ಟಿತು. 1979ರಲ್ಲಿ ಟಾಸ್ಕಾಮ್ ಕಂಪನಿ ಮಾಮೂಲಿ ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕ್ ಹಿಡಿಯುವ ಪೋರ್ಟಾಸ್ಟುಡಿಯೋ ತಂದಿತು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ಬಾಡಿಗೆ ಮನೆಯಲ್ಲಿ ಕೂತು ಅದರಲ್ಲಿ ಕಚ್ಚಾ ಪ್ರತಿ ಅಂತ ಹಾಡಿಟ್ಟ. ಬ್ಯಾಂಡಿನ ಜೊತೆ ಮತ್ತೆ ಹಾಡಿದಾಗ ಆ ಗುಣ ಬರಲಿಲ್ಲ, ಕೊನೆಗೆ ಆ ಕ್ಯಾಸೆಟ್ಟೇ ‘ನೆಬ್ರಾಸ್ಕ’ ಆಲ್ಬಮ್ ಆಯಿತು. 2019ರಲ್ಲಿ ಬಿಲ್ಲಿ ಐಲಿಶ್ ಎಂಬ ಹುಡುಗಿ ಅಣ್ಣ ಫಿನಿಯಾಸ್ ಜೊತೆ ಲಾಸ್ ಏಂಜಲೀಸಿನ ಮನೆಯ ಬೆಡ್‌ರೂಮಿನಲ್ಲಿ ಹೆಚ್ಚುಕಮ್ಮಿ ಪಿಸುದನಿಯಲ್ಲೇ ಹಾಡಿದ ಆಲ್ಬಮ್ ಮರುವರ್ಷ ಗ್ರ್ಯಾಮಿ ಗೆದ್ದಿತು. ಅವಳ ದನಿ ಅಷ್ಟು ಹತ್ತಿರ ಕೇಳೋದಕ್ಕೆ ಅವಳ ಮೆಲುಮಾತು ಅರ್ಧ ಕಾರಣ, ಅಣ್ಣ ಸುತ್ತ ಖಾಲಿ ಜಾಗ ಬಿಟ್ಟದ್ದು ಇನ್ನರ್ಧ.

ನಮ್ಮ ಟ್ರ್ಯಾಕಿನ ಕಷ್ಟ

ಈಗ ನಮ್ಮ ಕರೋಕೆಗೆ ಬರೋಣ. ಜಪಾನಿನ ಕೋಬೆಯಲ್ಲಿ ಡೈಸುಕೆ ಇನೂವೆ ಬಾರುಗಳಲ್ಲಿ ಗಿರಾಕಿಗಳು ಹಾಡುವಾಗ ಪಕ್ಕವಾದ್ಯ ನುಡಿಸುತ್ತಿದ್ದವನು. ಎಲ್ಲ ಕಡೆ ತಾನೇ ಹೋಗೋಕಾಗಲ್ಲ ಅಂತ ಪಕ್ಕವಾದ್ಯವನ್ನು ಟೇಪಿಗೆ ಹಾಕಿ, 1971ರಲ್ಲಿ ಕಾಸು ಹಾಕಿದರೆ ನುಡಿಯುವ ಹನ್ನೊಂದು ಯಂತ್ರ ಕಟ್ಟಿ ಬಾಡಿಗೆಗೆ ಬಿಟ್ಟ. ಪೇಟೆಂಟ್ ಮಾಡಿಸಲಿಲ್ಲ ಪುಣ್ಯಾತ್ಮ. ಗಮನಿಸಿ, ಅವನು ಟೇಪು ಮಾಡಿದ್ದೇ ಇನ್ನೊಬ್ಬರು ಹಾಡಲಿ ಅಂತ. ಹಾಡುವವರಿಗೆ ಜಾಗ ಬಿಟ್ಟೇ ನುಡಿಸಿದ್ದ.

ನಾವು ಇವತ್ತು ಇಳಿಸಿಕೊಳ್ಳುವ ಬಹಳಷ್ಟು ಟ್ರ್ಯಾಕುಗಳ ಜಾತಕ ಬೇರೆ. ಅವು ಪೂರ್ತಿ ತಯಾರಾದ ಹಾಡಿನಿಂದ ದನಿ ಕಿತ್ತು ಮಾಡಿದವು. ಮೊದಲು ಎಡ ಚಾನೆಲ್ಲಿನಿಂದ ಬಲವನ್ನು ಕಳೆದು, ನಡುವಿನಲ್ಲಿದ್ದ ದನಿಯನ್ನು ಅಳಿಸುತ್ತಿದ್ದರು. ಒಂದೇ ಸಾಲಿನ ಕೋಡು, ದನಿಯ ಜೊತೆ ನಡುವಿನಲ್ಲಿದ್ದ ಬೇಸೂ ಹೋಗುತ್ತಿತ್ತು. 2019ರಲ್ಲಿ ಡೀಜರ್ ಕಂಪನಿ ಬಿಟ್ಟ ‘ಸ್ಪ್ಲೀಟರ್’ನಂಥ ತಂತ್ರಾಂಶಗಳು ಬಂದ ಮೇಲೆ ದನಿ ಸಾಕಷ್ಟು ಚೊಕ್ಕಟವಾಗಿ ಬೇರೆಯಾಗುತ್ತದೆ. ಇನ್ನು ಕೀಬೋರ್ಡಿನಲ್ಲಿ ಹೊಸದಾಗಿ ನುಡಿಸಿ ಮಾಡಿದ ಟ್ರ್ಯಾಕುಗಳಲ್ಲಿ ಹಾಡಿನ ಸ್ವರವನ್ನೇ ಕೊಳಲೋ ಪಿಯಾನೋನೋ ನುಡಿಸುತ್ತಿರುತ್ತದೆ, ಅಂದರೆ ನಿಮ್ಮ ಸೀಟಿನಲ್ಲಿ ಆಗಲೇ ಒಬ್ಬ ಕೂತಿದ್ದಾನೆ. ಎರಡೂ ಬಗೆಯವು ಮಾಸ್ಟರಿಂಗ್ ಮುಗಿಸಿ ಅಂಚಿನವರೆಗೆ ಜೋರು ಮಾಡಿದವು. ತುಂಬಿದ ಬಸ್ಸಿಗೆ ಹೊಸಬರನ್ನು ಹತ್ತಿಸಿದ ಹಾಗೆ, ಯಾರಾದರೂ ಸರಿಯದೆ ಜಾಗ ಆಗೋದಿಲ್ಲ.

ಆದ್ದರಿಂದ ಮೊದಲ ಕೆಲಸ ದನಿ ಏರಿಸೋದಲ್ಲ, ಟ್ರ್ಯಾಕ್ ಇಳಿಸೋದು. ಐದಾರು ಡೆಸಿಬೆಲ್ ಇಳಿಸಿಯೇ ಶುರು ಮಾಡಿ. ಮೇರಿ ಫೋರ್ಡ್ ಹಾಗೆ ಮೈಕಿಗೆ ಹತ್ತಿರ ಹಾಡಿ, ಫ್ಯಾನ್ ಆರಿಸಿ, ಹಿಂದೆ ಮುಂದೆ ದಪ್ಪ ರಗ್ಗು ತೂಗುಹಾಕಿ. ಬಟ್ಟೆ ತುಂಬಿದ ವಾರ್ಡ್‌ರೋಬ್ ಬಾಗಿಲು ತೆರೆದು ಅದರ ಎದುರು ನಿಂತರೂ ಆದೀತು. ಗೋಡೆಯ ಪ್ರತಿಧ್ವನಿ ಒಮ್ಮೆ ದನಿಯೊಳಗೆ ಸೇರಿದರೆ ಆಮೇಲೆ ತೆಗೆಯೋದು ಕಷ್ಟ. ಆಮೇಲೆ ಈಕ್ಯೂ ತೆರೆದು ದನಿಯಲ್ಲಿ 80-100 ಹರ್ಟ್ಸ್‌ಗಿಂತ ಕೆಳಗಿನ ಗುಂಯ್ ಕತ್ತರಿಸಿ. ಸುಂಡ್‌ಬರ್ಗ್ ತೋರಿಸಿದ ಜಾಗದ ಸುತ್ತ, ಅಂದರೆ 2,000ದಿಂದ 4,000 ಹರ್ಟ್ಸ್ ನಡುವೆ, ಟ್ರ್ಯಾಕಿನಲ್ಲಿ ಎರಡು ಮೂರು ಡೆಸಿಬೆಲ್‌ನ ಸಣ್ಣ ತಗ್ಗು ತೋಡಿ. ದನಿಯಲ್ಲಿ ಅದೇ ಜಾಗವನ್ನು ಸಿಕ್ಕಾಪಟ್ಟೆ ಏರಿಸಿದರೆ ಜಾತ್ರೆಯ ಹಾರನ್ ಆಗುತ್ತದೆ, ಹುಷಾರು. ಲಾರೆನ್ಸನ ಬಲ್ಬಿಗೆ, ಅಂದರೆ ಕಂಪ್ರೆಸರಿಗೆ, ಜೋರಿನ ಕಡೆ ನಾಲ್ಕೈದು ಡೆಸಿಬೆಲ್ ತಗ್ಗಿಸುವ ಕೆಲಸ ಕೊಡಿ, ನುಂಗಿದ ಅಕ್ಷರಗಳು ಮೇಲೆ ಬರುತ್ತವೆ. ಕೊನೆಗೆ ಚೂರು ರಿವರ್ಬ್, ಅದೂ ಆಬಿ ರೋಡಿನವರ ಹಾಗೆ 20-40 ಮಿಲಿಸೆಕೆಂಡ್ ತಡವಾಗಿ. ತೆಗೆದಾಗ ಮಾತ್ರ ಅದು ಇತ್ತು ಅಂತ ಗೊತ್ತಾಗಬೇಕು, ಅಷ್ಟೇ ಹಾಕಿ.

ಈ ಎಲ್ಲಕ್ಕೂ ಬೇಕಾದ ತಂತ್ರಾಂಶ ಇವತ್ತು ಪುಕ್ಕಟೆ ಸಿಗುತ್ತದೆ. 270 ಕಿಲೋದ ತಗಡು, ಬೆಳಕಿನ ಪೆಟ್ಟಿಗೆ, ಬಚ್ಚಲುಮನೆ ಎಲ್ಲ ಒಂದೇ ಲ್ಯಾಪ್‌ಟಾಪಿನಲ್ಲಿ ಕೂತಿವೆ. ಹಾಗಾಗಿ ಈ ಸಲ ಬಾಗಿಲು ಮುಚ್ಚಿದೆ ಅಂತ ಯಾರೂ ಹೇಳೋ ಹಾಗಿಲ್ಲ. ಅದಕ್ಕೇ ನನಗೆ ಇದು ಬರೀ ಕರೋಕೆಯ ವಿಷಯ ಅನ್ನಿಸುವುದಿಲ್ಲ. ಈ ಇತಿಹಾಸದಲ್ಲಿ ಪ್ರತಿ ಯಂತ್ರವೂ ಕೆಲವು ದನಿಗಳನ್ನು ಆರಿಸಿಕೊಂಡು ಉಳಿದವನ್ನು ಬಿಟ್ಟಿದೆ. ನಮ್ಮ ಕಡೆ ರಾಗಿ ಬೀಸುತ್ತಾ ಹೆಂಗಸರು ಹಾಡಿಕೊಂಡ ಪದಗಳಿಗೆ ಬೀಸುಕಲ್ಲಿನ ಗರಗರವೇ ಪಕ್ಕವಾದ್ಯ. ಕಲ್ಲಿನ ಸದ್ದು ದಪ್ಪ, ಹಾಡು ಅದರ ಮೇಲೆ ತೆಳ್ಳಗೆ ನಿಲ್ಲುತ್ತಿತ್ತು, ಅಲ್ಲಿ ಮಿಕ್ಸಿಂಗ್ ತಾನಾಗಿಯೇ ಸರಿಯಿತ್ತು. ಕೊಳವೆಗೂ, ಟೆಂಟಿಗೂ, ಸ್ಟುಡಿಯೋಕ್ಕೂ ಆ ಕಂಠಗಳಲ್ಲಿ ಹೆಚ್ಚಿನವು ಬೇಕಾಗಲಿಲ್ಲ. ಫ್ಲೋರ್ ಮಿಲ್ ಬಂದ ಮೇಲೆ ಕಲ್ಲೂ ನಿಂತಿತು.

ಊರಿಗೆ ಹೋದಾಗ ಅಜ್ಜಿಯಿಂದ ಅಂಥ ಏಳೆಂಟು ಪದ ಫೋನಿನಲ್ಲಿ ಹಿಡಿದಿದ್ದೇನೆ. ‘ನನ್ ದನಿ ಎಲ್ ಕೇಳ್ತದ್ ಮಗಾ, ಬಿಡು’ ಅನ್ನೋದು ಅವರ ಮೊದಲ ಮಾತು. ಅಟ್ಟದ ಕೋಣೆಯಲ್ಲಿ ಕೌದಿಗಳ ರಾಶಿ ಪಕ್ಕ ಕೂರಿಸಿ, ಫೋನನ್ನು ಅವರ ಗದ್ದದ ಹತ್ತಿರ ಹಿಡಿದೆ. ಅದಕ್ಕೆ ಗಿಟಾರು ತಬಲಾ ಸೇರಿಸಿ ರೀಲ್ಸಿಗೆ ಹಾಕು ಅಂತ ಕಸಿನ್‌ಗಳ ಒತ್ತಾಯ ಇದೆ. ಸೇರಿಸಬಾರದು ಅಂತೇನಿಲ್ಲ. ಸೇರಿಸಿದರೆ ವಾದ್ಯಗಳೇ ಅಜ್ಜಿಗೆ ದಾರಿ ಬಿಡಬೇಕು, ಎಪ್ಪತ್ತೆಂಟರ ಗಂಟಲು ಟ್ರ್ಯಾಕಿನ ಮೇಲೆ ಏರೋಕೆ ಹೋಗಬಾರದು. ಸದ್ಯಕ್ಕೆ ಒಂದು ತಂಬೂರಿ ಮಾತ್ರ ಹಾಕಿದ್ದೇನೆ, ಅದೂ ಒಂಬತ್ತು ಡೆಸಿಬೆಲ್ ಕೆಳಗೆ.